ಜೂನ್ ಒಂದರಂದು ಹುಟ್ಟಿದವರ ಸಾಲು

ನಾನು ನಿವೃತ್ತಳಾದದ್ದು ಮೂವತ್ತೊಂದನೇ ವಯಸ್ಸಿನಲ್ಲಿ. ಇದನ್ನು ಓದಿ ನಗುವವರಿಗೆ ನನ್ನ ಮೊದಲ ಪ್ರಶ್ನೆ: ನಿವೃತ್ತಿಗೆ ಅರವತ್ತು ತುಂಬಿರಬೇಕೆಂದು ಹೇಳಿದವರು ಯಾರು? ಒಂದು ಕೆಲಸವನ್ನು ಕೈ ಸೋಲುವಷ್ಟು ಮಾಡಿ, ಇನ್ನು ಆಗದು ಎಂದು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರೆ ಅದು ನಿವೃತ್ತಿಯೇ. ಎರಡನೇ ಪ್ರಶ್ನೆ: ಮೂವತ್ತೊಂದು ಎಂದೆನಲ್ಲ, ಅದನ್ನು ನೀವು ಯಾವ ದಾಖಲೆ ನೋಡಿ ನಂಬಿದಿರಿ?

ಈ ಎರಡನೇ ಪ್ರಶ್ನೆ ಕೇಳುವುದೇ ನನ್ನ ಕಸುಬಾಗಿತ್ತು. ಈಗ ಅದೇ ಕಸುಬಿಗೆ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಪದೇಶ ಎಂದುಕೊಳ್ಳಬೇಡಿ. ಉಪದೇಶ ಮಾಡಲು ಒಂದು ತೀರ್ಮಾನ ಇರಬೇಕು, ನನ್ನ ಬಳಿ ಅದಿಲ್ಲ.

ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ರತ್ನಾಕರಣ್ಣನ ಮೊಬೈಲ್ ಅಂಗಡಿ ಇತ್ತು. ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷ ಆಗಿದ್ದ ಕಾಲ. ಅದಕ್ಕೆ ಮೊದಲು ಅದು ಎಸ್‌ಟಿಡಿ ಬೂತ್. ಊರಿಗೆ ಟವರ್ ಬಂದದ್ದೇ ತಡ, ಬೂತಿನ ಗಾಜಿನ ಪೆಟ್ಟಿಗೆಯನ್ನು ಕೋಳಿಗೂಡು ಮಾಡಲು ಯಾರಿಗೋ ಕೊಟ್ಟು, ರತ್ನಾಕರಣ್ಣ ಒಂದು ಕಂಪನಿಯ ಏಜೆನ್ಸಿ ಹಿಡಿದರು. ಆಗಷ್ಟೇ ಡಿಗ್ರಿ ಮುಗಿಸಿದ್ದೆ. ಕಾಲೇಜಿನಲ್ಲಿದ್ದಷ್ಟು ದಿನ ಚರ್ಚಾಸ್ಪರ್ಧೆ ಎಂದರೆ ನಾನೇ. ವಿಷಯ ಯಾವುದೇ ಇರಲಿ, ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಎರಡರಲ್ಲೂ ಗೆದ್ದು ಬರುತ್ತಿದ್ದೆ. ಕೆಲಸ ಕೇಳಲು ಹೋದಾಗ ರತ್ನಾಕರಣ್ಣ ನನ್ನ ಅಂಕಪಟ್ಟಿ ಬಿಡಿಸಿಯೂ ನೋಡಲಿಲ್ಲ.

“ಮೇಷ್ಟ್ರ ಮಗಳಲ್ವಾ? ಜಗಳ ಚೆನ್ನಾಗಿ ಆಡ್ತೀಯಂತೆ. ಅಷ್ಟು ಸಾಕು ಮಾರಾಯ್ತಿ. ನನಗೆ ಎಲ್ಲರಿಗೂ ಹೂಂ ಅಂದೇ ರೂಢಿ. ಇಲ್ಲ ಅನ್ನೋಕೆ ಒಬ್ರು ಬೇಕು,” ಎಂದರು.

ಇಲ್ಲ ಎನ್ನಬೇಕಿದ್ದದ್ದು ಹದಿನೆಂಟು ತುಂಬದವರಿಗೆ. ತಿಂಗಳ ಕೊನೆಗೆ ಬಿಲ್ ಬರುವ ಕನೆಕ್ಷನ್ ಎಂದರೆ ಅದೊಂದು ಕರಾರು. ಅಪ್ರಾಪ್ತರ ಸಹಿಗೆ ಕರಾರಿನಲ್ಲಿ ಬೆಲೆ ಇಲ್ಲ. ಹಾಗಾಗಿ ಅರ್ಜಿ ತುಂಬಿಸುವುದು, ಫೋಟೋ ಅಂಟಿಸಿ ಅದರ ಮೇಲೆ ಅಡ್ಡ ಸಹಿ ಹಾಕಿಸುವುದು, ವಯಸ್ಸಿನ ದಾಖಲೆಯ ಅಸಲು ನೋಡಿ ‘ಪರಿಶೀಲಿಸಿದೆ’ ಎಂದು ಬರೆದು ಸೀಲ್ ಒತ್ತುವುದು ನನ್ನ ಕೆಲಸ. ಕೇಳಲು ಎಷ್ಟು ಸಲೀಸು!

ಮೊದಲ ವರ್ಷ ದಾಖಲೆಗಿಂತ ಮುಖವೇ ಮುಖ್ಯವಾಗಿತ್ತು. ಮೀಸೆ ಇದ್ದರೆ ದೊಡ್ಡವನು, ಇಲ್ಲದಿದ್ದರೆ ನೋಡೋಣ. ಈ ಪದ್ಧತಿಯಲ್ಲಿ ನಾನು ಎರಡು ಸಲ ಮುಗ್ಗರಿಸಿದೆ. ಬಣಕಲ್ಲಿನಿಂದ ಬಂದಿದ್ದ ಒಬ್ಬ ಸಣಕಲು ಆಸಾಮಿಗೆ, “ಮನೆಯಿಂದ ದೊಡ್ಡವರನ್ನು ಕರ್ಕೊಂಡು ಬಾ ಹೋಗು,” ಎಂದುಬಿಟ್ಟೆ. ಆತ ಮುಖ ಬಾಡಿಸಿಕೊಳ್ಳದೆ ಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದು ಮೇಜಿನ ಮೇಲಿಟ್ಟು, “ಮಗಳ ಮದುವೆ ಮೇಡಂ. ದೊಡ್ಡವ್ರು ಅಂತ ನಮ್ಮನೇಲಿ ಇರೋದು ನಾನೊಬ್ನೇ,” ಎಂದ. ಇನ್ನೊಂದು ಸಲ, ಹುರಿ ಮೀಸೆಯ, ಗುಡುಗಿನ ದನಿಯ ಒಬ್ಬ ಗಂಡಸಿಗೆ ಅಣ್ಣನ ಗುರುತಿನ ಚೀಟಿಯ ಮೇಲೆ ಕನೆಕ್ಷನ್ ಕೊಟ್ಟೆ. ಮಾರನೇ ದಿನ ಅವನಮ್ಮ ಅವನ ಶಾಲೆಯ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು.

“ಇವನಿಗೆ ಫೋನ್ ಕೊಟ್ಟ ಪುಣ್ಯಾತ್ಗಿತ್ತಿ ಯಾರು? ಒಂಬತ್ತನೇ ಕ್ಲಾಸು! ಎರಡು ಸಲ ಕೂತಿದಾನೆ, ಸರಿ. ಆದ್ರೂ ಒಂಬತ್ತನೇ ಕ್ಲಾಸೇ ಅಲ್ವಾ?”

ಆಮೇಲೆ ಚಿಕ್ಕಮಗಳೂರಿನ ಏರಿಯಾ ಆಫೀಸಿನಿಂದ ಸುತ್ತೋಲೆ ಬಂತು. ಮುಖ ನೋಡಬೇಡಿ, ದಾಖಲೆ ನೋಡಿ ಎಂದು. ದಾಖಲೆ ನೋಡತೊಡಗಿದ ಮೇಲೆ ಗೊತ್ತಾಯಿತು, ಮುಖವೇ ವಾಸಿ ಇತ್ತು. ಆಗಿನ ಮತದಾರರ ಚೀಟಿಯಲ್ಲಿ ಹುಟ್ಟಿದ ತಾರೀಖೇ ಇರುತ್ತಿರಲಿಲ್ಲ. ಇಂಥ ಇಸವಿಯ ಜನವರಿ ಒಂದಕ್ಕೆ ಇಷ್ಟು ವಯಸ್ಸು ಎಂದಿರುತ್ತಿತ್ತು. ಎಸ್ಟೇಟಿನವರ ವಯಸ್ಸನ್ನು ಹಾಜರಿ ಬರೆಯುವ ರೈಟರ್ ಅಂದಾಜಿನ ಮೇಲೆ ಹೇಳಿ ಬರೆಸಿರುತ್ತಿದ್ದ. ಶಾಲೆಯ ದಾಖಲೆಯಲ್ಲಿ ತಾರೀಖು ಇರುತ್ತಿತ್ತು ನಿಜ. ಆದರೆ ಹೆಚ್ಚಿನವರದ್ದು ಒಂದೇ ತಾರೀಖು: ಜೂನ್ ಒಂದು. ಶಾಲೆ ಶುರುವಾಗುವ ದಿನ ಮಗುವನ್ನು ಕರೆತಂದ ತಂದೆ ತಾಯಿಗೆ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ, ಮೇಷ್ಟ್ರು ಅದೇ ದಿನವನ್ನು ಬರೆದುಕೊಳ್ಳುತ್ತಿದ್ದರು. ಹಾಗಾಗಿ ನಮ್ಮ ತಾಲೂಕಿನ ಅರ್ಧ ಜನ ಪ್ರತಿ ವರ್ಷ ಜೂನ್ ಒಂದರ ಬೆಳಿಗ್ಗೆ ಒಟ್ಟಿಗೆ ಹದಿನೆಂಟು ತುಂಬಿಸಿಕೊಳ್ಳುತ್ತಿದ್ದರು. ಆ ದಿನ ನಮ್ಮ ಅಂಗಡಿಯ ಸಾಲು ಮೆಟ್ಟಿಲಿಳಿದು ಬಟ್ಟೆ ಅಂಗಡಿಯ ಬಾಗಿಲು ದಾಟುತ್ತಿತ್ತು. ರತ್ನಾಕರಣ್ಣ ಅವತ್ತು ಒಂದು ಡಬ್ಬಿ ಪೆಪ್ಪರ್‌ಮಿಂಟ್ ತರಿಸಿಟ್ಟು, “ಎಲ್ಲರಿಗೂ ಹ್ಯಾಪಿ ಬರ್ತ್‌ಡೇ,” ಎನ್ನುತ್ತ ಹಂಚುತ್ತಿದ್ದರು.

ಎರಡು ದಾಖಲೆ ಎರಡು ವಯಸ್ಸು ಹೇಳಿದರೆ ಏನು ಮಾಡಬೇಕು? ಸುತ್ತೋಲೆ ಈ ಬಗ್ಗೆ ಮೌನವಾಗಿತ್ತು. ನಾನೇ ಒಂದು ಸೂತ್ರ ಮಾಡಿಕೊಂಡೆ: ಕಡಿಮೆ ವಯಸ್ಸೇ ಸತ್ಯ. ವಾದ ಹೀಗೆ. ಫೋನ್ ಬೇಕಾದವರು ವಯಸ್ಸನ್ನು ಏರಿಸಿ ಹೇಳುತ್ತಾರೆ, ಇಳಿಸಿ ಹೇಳಿದರೆ ಅವರಿಗೆ ಲಾಭವಿಲ್ಲ. ಲಾಭವಿಲ್ಲದ ಕಡೆ ಸುಳ್ಳಿರುವುದಿಲ್ಲ. ಈ ಸೂತ್ರವನ್ನು ಯಾವ ತೀರ್ಪುಗಾರರ ಮುಂದೆ ಬೇಕಾದರೂ ಸಮರ್ಥಿಸಬಲ್ಲೆ ಎಂದು ಜಂಬಪಡುತ್ತಿದ್ದೆ. ಅದನ್ನು ಮುರಿದವಳು ಗಿರಿಜ.

ಒಂದು ಜನವರಿಯಲ್ಲಿ ಸೋದರಮಾವನ ಹಿಂದೆ ಬಂದಳು. ಬಣಕಲ್ ಹತ್ತಿರದ ಎಸ್ಟೇಟಿನ ಕೂಲಿಮನೆಗಳ ಲೈನಿನವಳು. ಅಮ್ಮ ಕಾಫಿ ಕುಯ್ಯುವ ಆಳು, ಅಪ್ಪ ಇಲ್ಲ. ಮೂಡಿಗೆರೆಯಲ್ಲೇ ಎರಡನೇ ಪಿಯುಸಿ. ಮಾವನ ಕೈಯಲ್ಲಿ ಹೊಸ ಹ್ಯಾಂಡ್‌ಸೆಟ್ಟಿನ ಡಬ್ಬಿ ಇತ್ತು.

“ಹಾಸನದ ಗಂಡು. ಮಾರ್ಚಿ ಮೊದಲ ವಾರ ಮದುವೆ,” ಎಂದು ಮಾವ ಕೇಳದಿದ್ದರೂ ಹೇಳಿದ. “ಫೋನು ಅವ್ರೇ ಕಳ್ಸಿದ್ದು. ಹುಡುಗಿ ಹೆಸರಲ್ಲೇ ಕನೆಕ್ಷನ್ ಇರ್ಲಿ ಅಂದ್ರು. ಮಾತಾಡ್ಕೊಂಡಿರ್ಲಿ ಪಾಪ.”

ಗಿರಿಜಳ ಮತದಾರರ ಚೀಟಿ ಮುಂದಿಟ್ಟ. ಹಿಂದಿನ ವರ್ಷದ ಜನವರಿ ಒಂದಕ್ಕೆ ಹದಿನೆಂಟು ಎಂದಿತ್ತು. ಅಂದರೆ ಈಗ ಹತ್ತೊಂಬತ್ತು. ಅದರ ಝೆರಾಕ್ಸ್ ಬೇಕೆಂದೆ. ಮಾವ ಕೆಳಗಿಳಿದು ಹೋದ. ಅವನ ಚಪ್ಪಲಿ ಸದ್ದು ಕೊನೆಯ ಮೆಟ್ಟಿಲಿಗೆ ತಲುಪಿತೋ ಇಲ್ಲವೋ, ಗಿರಿಜ ಕಾಲೇಜಿನ ಚೀಲದಿಂದ ಹತ್ತನೇ ಕ್ಲಾಸಿನ ಅಂಕಪಟ್ಟಿ ತೆಗೆದು ನನ್ನ ಮುಂದೆ ಬಿಡಿಸಿಟ್ಟಳು.

“ಅಕ್ಕ, ಇದನ್ನೂ ನೋಡಿ.”

ಜೂನ್ ಒಂದು. ಲೆಕ್ಕ ಹಾಕಿದರೆ ಹದಿನೇಳು ವರ್ಷ ಏಳು ತಿಂಗಳು.

“ಇದನ್ನು ತೋರಿಸಿದ್ರೆ ನಿನಗೆ ಫೋನ್ ಸಿಗಲ್ಲ, ಗೊತ್ತಲ್ವಾ?”

“ಗೊತ್ತು.”

“ಫೋನ್ ಬೇಡ್ವಾ?”

“ಫೋನ್ ಬೇಕು ಅಕ್ಕ. ಅದ್ರ ಜೊತೇಲಿ ಬರೋದು ಬೇಡ. ಮಾರ್ಚಿ ಕೊನೇಲಿ ಪರೀಕ್ಷೆ ಇದೆ. ಚಿಕ್ಕವಳು ಅಂತ ಬರೆದು ಸೀಲ್ ಹಾಕಿ ಕೊಡಿ.”

ನನ್ನ ಕೈಗೆ ಅಷ್ಟು ವರ್ಷಗಳಲ್ಲಿ ಬಾರದ ಗಿರಾಕಿ. ಬಂದವರೆಲ್ಲ ದೊಡ್ಡವರೆನ್ನಿಸಿಕೊಳ್ಳಲು ಬಂದವರು, ಇವಳೊಬ್ಬಳು ಚಿಕ್ಕವಳೆನ್ನಿಸಿಕೊಳ್ಳಲು ಬಂದಿದ್ದಾಳೆ. ಅಲ್ಲೇ ನಾನು ಎಚ್ಚರಗೊಳ್ಳಬೇಕಿತ್ತು. ಇಳಿಸಿ ಹೇಳಿದರೆ ಲಾಭವಿಲ್ಲ ಎಂಬುದಲ್ಲವೇ ನನ್ನ ಸೂತ್ರದ ಬುಡ? ಇಲ್ಲಿ ಲಾಭ ಎದ್ದು ಕಾಣುತ್ತಿತ್ತು. ಎದುರಾಳಿ ಇದೇ ತಪ್ಪು ಮಾಡಿದ್ದರೆ ನಾನು ವೇದಿಕೆಯ ಮೇಲೆ ಅವರನ್ನು ಹರಿದು ಹಾಕುತ್ತಿದ್ದೆ. ನನ್ನದೇ ತಪ್ಪಾದ್ದರಿಂದ ಗೊತ್ತೇ ಆಗಲಿಲ್ಲ.

ಮಾವ ಝೆರಾಕ್ಸ್ ಹಿಡಿದು ಏದುಸಿರು ಬಿಡುತ್ತ ಬಂದ. ವಯಸ್ಸು ಸಾಲದು, ಆಗುವುದಿಲ್ಲ ಎಂದೆ.

“ಎಂತಕ್ಕೆ ಆಗಲ್ಲ? ಪಂಚಾಯ್ತಿ ಎಲೆಕ್ಷನ್‌ನಲ್ಲಿ ವೋಟು ಹಾಕಿದಾಳೆ ಮೇಡಂ. ಮೆಂಬರನ್ನ ಆರಿಸೋಕೆ ಆಗುತ್ತೆ, ಫೋನು ಹಿಡ್ಕೊಳ್ಳೋಕೆ ಆಗಲ್ವಾ?”

ಒಳ್ಳೆಯ ವಾದ. ಈಗಲೂ ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಉತ್ತರವಿಲ್ಲದಾಗ ಪ್ರಶ್ನೆ ಕೇಳಬೇಕೆಂದು ನನಗೆ ಯಾರೋ ಕಲಿಸಿದ್ದರು.

“ಈ ಚೀಟಿಯಲ್ಲಿ ಹುಟ್ಟಿದ ತಾರೀಖು ಎಲ್ಲಿದೆ, ತೋರಿಸಿ.”

ಅವನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಗಿರಿಜ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ನಾನು ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ‘ಅಪ್ರಾಪ್ತ ವಯಸ್ಕಳು, ತಿರಸ್ಕರಿಸಿದೆ’ ಎಂದು ಬರೆದು ಸೀಲ್ ಒತ್ತಿದೆ. ತಿರಸ್ಕರಿಸಿದ ಅರ್ಜಿ ಅಂಗಡಿಯಲ್ಲೇ ಉಳಿಯಬೇಕೆಂಬುದು ನಿಯಮ. ಗಿರಿಜ ಕೈ ಚಾಚಿದಳು, ಕೊಟ್ಟುಬಿಟ್ಟೆ.

ಅವರು ಹೋದ ಮೇಲೆ ರತ್ನಾಕರಣ್ಣ ತಲೆ ಕೆರೆದುಕೊಂಡರು. “ಆ ಕಾಗದ ಎಂತಕ್ಕೆ ಕೊಟ್ಟೆ ಮಾರಾಯ್ತಿ? ಬೇಡದ್ದಕ್ಕೆಲ್ಲ ನಮ್ಮ ಸೀಲ್ ಬಿದ್ರೆ ನಾಳೆ ನಮ್ಮನ್ನೇ ಕೇಳ್ತಾರೆ.”

“ಸತ್ಯ ಬರೆದದ್ದಕ್ಕೆ ಯಾರು ಕೇಳ್ತಾರೆ ರತ್ನಾಕರಣ್ಣ?” ಎಂದೆ. ಆಗ ನಾನು ಹಾಗೆಲ್ಲ ಮಾತಾಡುತ್ತಿದ್ದೆ.

ಕಾಗದ ಮಾಡಿದ ಕೆಲಸ ಆಮೇಲೆ ತಿಳಿಯಿತು. ಗಿರಿಜ ಅದನ್ನು ಹಾಸನಕ್ಕೆ ತಲುಪಿಸಿದ್ದಳು. ಗಂಡಿನ ತಂದೆ ಸರ್ಕಾರಿ ನೌಕರರು. ಅಂಕಪಟ್ಟಿಯೊಂದನ್ನೇ ನೋಡಿದ್ದರೆ ‘ಶಾಲೆಯವರು ಏನೋ ಬರೆದಿರ್ತಾರೆ’ ಎಂದು ತಳ್ಳಿಹಾಕುತ್ತಿದ್ದರೇನೋ. ‘ಅಪ್ರಾಪ್ತ ವಯಸ್ಕಳು’ ಎಂದು ಕೆಂಪಕ್ಷರದಲ್ಲಿ, ಸೀಲ್ ಸಮೇತ ಕಂಡದ್ದೇ ಅವರಿಗೆ ತಮ್ಮ ನೌಕರಿ ನೆನಪಾಯಿತು. ಜೂನ್ ಕಳೆಯಲಿ, ಆಮೇಲೆ ನೋಡೋಣ ಎಂದರು. ಮಾರ್ಚಿಯ ಮದುವೆ ನಿಂತಿತು. ಗಿರಿಜ ಪರೀಕ್ಷೆ ಬರೆದಳು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇವತ್ತಿಗೂ ಅಂಗಡಿಯಲ್ಲಿರುತ್ತಿದ್ದೆ, ಭಾಷಣ ಬಿಗಿಯುತ್ತಿದ್ದೆ. ಏಪ್ರಿಲಿನಲ್ಲಿ ಗಿರಿಜಳ ಅಮ್ಮ ಬಂದರು. ಕುಯ್ಲು ಮುಗಿದ ಬಿಡುವು. ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಕೂರಿ ಎಂದರೂ ಕೂರದೆ ನಿಂತರು.

“ನನ್ ಮಗಳನ್ನ ಚಿಕ್ಕೋಳು ಅಂತ ಬರ್ದೋರು ನೀವೇನಾ?”

“ಹೌದಮ್ಮ. ದಾಖಲೆಯಲ್ಲಿ...”

“ಹೆತ್ತೋಳು ನಾನು. ಕಾಫಿ ಹಣ್ಣು ಸುಲಿಯೋ ಹೊಸ ಪಲ್ಪರ್ ಮಿಷನ್ನು ಕೂರ್ಸಿದ್ರಲ್ಲ, ಆ ವರ್ಷ. ಅರೇಬಿಕಾ ಕುಯ್ತಾ ಇದ್ದೆ. ಡಿಸೆಂಬರು. ಮಧ್ಯಾಹ್ನ ನೋವು ಬಂತು, ಮೇಸ್ತ್ರಿ ಅರ್ಧ ದಿನದ ಹಾಜರಿ ಹಾಕ್ದ. ಆ ಅರ್ಧ ದಿನ ನಾನು ಮರೆಯಲ್ಲ. ನನ್ ಮಗಳಿಗೆ ಹತ್ತೊಂಬತ್ತು ತುಂಬಿದೆ. ಲೈನಲ್ಲಿ ಎಲ್ರೂ ನಗ್ತಾರೆ, ಕೂಸಿಗೆ ಮದುವೆ ಮಾಡೋಕೆ ಹೊರಟಿದ್ಲು ಅಂತ.”

“ಮತ್ತೆ ಶಾಲೆಯಲ್ಲಿ ಹೀಗೆ ಯಾಕೆ ಬರೆಸಿದ್ರಿ?”

“ನಾನೆಲ್ಲಿ ಬರ್ಸಿದೆ? ಅವಳ ತಮ್ಮನ್ನ ನೋಡ್ಕೊಳ್ಳೋಕೆ ಮನೇಲಿ ಇಟ್ಕೊಂಡಿದ್ದೆ, ತಡ ಆಯ್ತು. ಎಂಟು ನಡೀತಿದೆ ಅಂದೆ. ಮೇಷ್ಟ್ರು ಆರು ಅಂತ ಬರ್ಕೊಂಡ್ರು. ಬೇಕಿದ್ರೆ ಅವ್ರನ್ನೇ ಕೇಳಿ. ಆಗ ಎಸ್ಟೇಟ್ ಶಾಲೇಲಿ ಇದ್ರಲ್ಲ, ಕಳಸದ ಮೇಷ್ಟ್ರು.”

ರತ್ನಾಕರಣ್ಣ ಕೆಮ್ಮಿದರು. ಕಳಸದ ಮೇಷ್ಟ್ರು ಎಂದರೆ ನನ್ನ ಅಪ್ಪ.

ಸಂಜೆ ಮನೆಗೆ ಹೋದಾಗ ಅಪ್ಪ ಹಲಸಿನಕಾಯಿ ಬಿಡಿಸುತ್ತ ಕೂತಿದ್ದರು, ಕೈಗೆಲ್ಲ ಎಣ್ಣೆ. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

“ಅಪ್ಪ, ನೀವು ಮಕ್ಕಳ ವಯಸ್ಸು ಹೇಗೆ ಬರೀತಿದ್ರಿ?”

“ಎಂತ ಇದು, ಬರ್ತಾನೇ ಪಾಟೀಸವಾಲು? ಬಲಗೈಯನ್ನ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಅನ್ನೋದು. ತುದಿ ಮುಟ್ಟಿದ್ರೆ ಆರು. ಮುಟ್ಟದಿದ್ರೆ ಬರೋ ವರ್ಷ ಬಾ.”

“ದಾಟಿ ಹೋದ್ರೆ?”

ಅಪ್ಪ ತೊಳೆ ಕೆಳಗಿಟ್ಟರು. “ದಾಟಿದ್ರೂ ಆರೇ. ಅಕ್ಷರ ಗೊತ್ತಿಲ್ಲದ ಮಗುವಿಗೆ ಎಂಟು ಅಂತ ಬರೆದ್ರೆ ಒಂದನೇ ಕ್ಲಾಸಿಗೆ ಸೇರಿಸ್ಕೊಂಡದ್ದು ಎಂತಕ್ಕೆ ಅಂತ ಇನ್ಸ್‌ಪೆಕ್ಟ್ರು ಕೇಳ್ತಿದ್ರು. ಮೂರನೇ ಕ್ಲಾಸಿಗೆ ಹಾಕಿದ್ರೆ ಅದು ಕಣ್ಣು ಬಿಟ್ಟು ಕೂರ್ತದೆ, ಎರಡು ವಾರಕ್ಕೆ ಶಾಲೆ ಬಿಡ್ತದೆ. ಆರು ಅಂತ ಬರೆದ್ರೆ ಯಾರಿಗೂ ನಷ್ಟ ಇಲ್ಲ.”

“ಅಂದ್ರೆ ಸುಳ್ಳು ಬರೆದ್ರಿ.”

“ಶಾಲೆಗೆ ಸೇರಿಸ್ಕೊಂಡೆ ಅನ್ನು.”

“ಬಣಕಲ್ ಹತ್ರದ ಗಿರಿಜ ಅಂತ. ನಿಜಕ್ಕೂ ಎಂಟಾಗಿತ್ತಾ?”

ಅಪ್ಪ ಎಣ್ಣೆ ಕೈಯನ್ನು ಹಳೇ ಬಟ್ಟೆಗೆ ಒರೆಸಿಕೊಂಡರು. “ಅವಳ ಅಮ್ಮ ಎಂಟು ಅಂದ್ಲೋ, ಏಳು ಅಂದ್ಲೋ. ಹುಡುಗಿ ಕಿವಿ ತುದಿ ಮಾತ್ರ ಮುಟ್ಟಿದ್ಲು ಅಂತ ನೆನಪು. ಇಲ್ಲ, ಅದು ಇನ್ನೊಬ್ಳಿರಬೇಕು. ಎಷ್ಟು ಕಿವಿ ಅಂತ ನೆನಪಿಟ್ಕೊಳ್ಳಲಿ ಮಗಾ?”

ನಾನು ಅವರ ಜೊತೆ ಊಟದ ತನಕ ಜಗಳವಾಡಿದೆ. ಮೊದಲು ಅವರು ಮಾಡಿದ್ದು ತಪ್ಪು ಎಂದು ವಾದಿಸಿದೆ. ಅವರ ಒಂದು ಸುಳ್ಳಿನಿಂದಾಗಿ ಹೆತ್ತ ತಾಯಿಯ ಮಾತು ಸುಳ್ಳಾಯಿತು, ಅದಕ್ಕೆ ನನ್ನ ಸೀಲೂ ಬಿತ್ತು ಎಂದು. ಅಪ್ಪ ಇನ್ನೊಂದು ತೊಳೆ ಬಿಡಿಸಿದರು. ಆಮೇಲೆ ನಾನೇ ಎದುರು ಪಕ್ಷ ಹಿಡಿದೆ. ಅವರು ಎಂಟು ಎಂದೇ ಬರೆದಿದ್ದರೆ ಅವಳು ಹತ್ತನೇ ಕ್ಲಾಸಿನ ಮುಖ ನೋಡುತ್ತಿದ್ದಳೇ? ನೋಡಿದ್ದರೂ ಮದುವೆಯನ್ನು ತಡೆಯುವ ಕಾಗದ ಅವಳ ಚೀಲದಲ್ಲಿರುತ್ತಿತ್ತೇ? ಅಪ್ಪ ಆಗಲೂ ತೊಳೆ ಬಿಡಿಸುತ್ತಲೇ ಇದ್ದರು. ಪರವೂ ನಾನೇ ವಿರೋಧವೂ ನಾನೇ ಆಗಿ, ಎರಡರಲ್ಲೂ ಸೋತದ್ದು ಅದೇ ಮೊದಲು.

ಮೇ ತಿಂಗಳಿಡೀ ಆ ಅರ್ಜಿ ತಲೆಯಲ್ಲಿ ಕೊರೆಯಿತು. ಗಂಡಿನ ಕಡೆಯವರಿಗೆ ನಿಜ ಹೇಳಬೇಕೇ? ಹೇಳಿದರೆ ತಾಯಿಗೆ ನ್ಯಾಯ, ಮಗಳಿಗೆ? ಹೇಳದಿದ್ದರೆ ನಾನು ಯಾರ ಪರ? ರತ್ನಾಕರಣ್ಣನನ್ನು ಕೇಳಿದೆ. “ನನ್ನ ವಯಸ್ಸೇ ನನಗೆ ಸರಿಯಾಗಿ ಗೊತ್ತಿಲ್ಲ ಮಾರಾಯ್ತಿ, ನೀನು ಕೇಳ್ಲಿಲ್ಲ ಅಂತ ಹೇಳ್ಲಿಲ್ಲ,” ಎಂದರು.

ಜೂನ್ ಒಂದು ಬಂತು. ಬಾಗಿಲು ತೆಗೆಯುವಾಗಲೇ ಸಾಲು ಸೇರಿತ್ತು. ಎಲ್ಲರಿಗಿಂತ ಮುಂದೆ ಗಿರಿಜ, ಒಬ್ಬಳೇ, ಕೈಯಲ್ಲಿ ಅದೇ ಹ್ಯಾಂಡ್‌ಸೆಟ್ಟಿನ ಡಬ್ಬಿ. ಪಾಸಾಗಿದ್ದಳು. ನರ್ಸಿಂಗ್ ಸೀಟು ಸಿಕ್ಕಿತ್ತು, ಮೂರು ವರ್ಷ. ಹಾಸನದವರು ಆ ಭಾನುವಾರ ದಿನ ಗೊತ್ತು ಮಾಡಲು ಬರುವವರಿದ್ದರು.

“ಅವ್ರು ಬರೋ ಮೊದ್ಲು ನಾನೇ ಫೋನ್ ಮಾಡ್ಬೇಕು ಅಕ್ಕ. ಮಾವನ ಫೋನಲ್ಲಿ ಮಾಡಿದ್ರೆ ಮಾವ ಮಾತಾಡ್ತಾರೆ. ನಂದಲ್ಲಿ ಮಾಡಿದ್ರೆ ನಾನು.”

ಅರ್ಜಿ ತುಂಬಿದಳು. ಅಂಕಪಟ್ಟಿಯ ಪ್ರಕಾರ ಅವತ್ತಿಗೆ ಸರಿಯಾಗಿ ಹದಿನೆಂಟು. ನಾನು ‘ಪರಿಶೀಲಿಸಿದೆ’ ಎಂದು ಬರೆಯಬೇಕು. ಪೆನ್ನು ಊರಿದ್ದು ಊರಿದ ಹಾಗೇ ಇತ್ತು. ಇದು ಸುಳ್ಳೆಂದು ಅವಳ ಅಮ್ಮ ಹೇಳಿದ್ದಾರೆ. ಇದು ಸುಳ್ಳಲ್ಲ, ಸೇರಿಸಿಕೊಂಡದ್ದು ಎಂದು ನನ್ನ ಅಪ್ಪ ಹೇಳಿದ್ದಾರೆ. ಹತ್ತೊಂಬತ್ತೂವರೆಯೋ ಹದಿನೆಂಟೋ, ಇವತ್ತು ಎರಡೂ ಲೆಕ್ಕದಲ್ಲಿ ಅವಳು ದೊಡ್ಡವಳೇ. ಹಾಗಾದರೆ ನನಗೆ ಅಡ್ಡ ಬರುತ್ತಿರುವುದೇನು?

“ಗಿರಿಜ, ನಿಜ ಹೇಳು. ನಿನಗೆ ಎಷ್ಟು?”

“ಫೋನಿಗಾ, ಮದುವೆಗಾ, ನರ್ಸಿಂಗಿಗಾ?”

ಹಿಂದಿದ್ದವನೊಬ್ಬ, “ಬೇಗ ಆಗ್ಲಿ ಮೇಡಂ, ನಾವೂ ಇವತ್ತೇ ಹುಟ್ಟಿದ್ದು,” ಎಂದು ಕೂಗಿದ. ಸಾಲಿಗೆ ಸಾಲೇ ನಕ್ಕಿತು. ನಾನು ‘ಪರಿಶೀಲಿಸಿದೆ’ ಎಂದು ಬರೆದು ಸೀಲ್ ಒತ್ತಿದೆ. ರತ್ನಾಕರಣ್ಣ ಅವಳ ಕೈಗೆ ಪೆಪ್ಪರ್‌ಮಿಂಟ್ ಇಟ್ಟರು.

ಆ ಭಾನುವಾರ ಹಾಸನದವರು ಬರಲಿಲ್ಲ ಎಂದು ಕೇಳಿದೆ. ಅವಳು ಫೋನಿನಲ್ಲಿ ಏನು ಹೇಳಿದಳೋ ಗೊತ್ತಿಲ್ಲ. ಒಂದು ಹುಡುಗಿಯನ್ನು ಒಂದು ಮದುವೆಯಿಂದ ಪಾರು ಮಾಡಿದೆ, ದಾರಿ ಹೇಗೇ ಇರಲಿ, ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಆ ಕಡತ ಮುಚ್ಚಿದೆ. ಆಮೇಲೆ ಎಷ್ಟೋ ಗಿರಾಕಿಗಳು, ಎಷ್ಟೋ ಸುತ್ತೋಲೆಗಳು.

ಮೂರು ವರ್ಷದ ಮೇಲೆ, ಒಂದು ಮಧ್ಯಾಹ್ನ, ಬಿಲ್ಲಿನ ವಿಳಾಸ ಹಾಸನಕ್ಕೆ ಬದಲಿಸಬೇಕೆಂದು ಗಿರಿಜ ಬಂದಳು. ಕೊರಳಲ್ಲಿ ತಾಳಿ. ಜೊತೆಗೆ ಕನ್ನಡಕದ, ಸಾಧು ಮುಖದ ಒಬ್ಬ ಗಂಡಸು.

“ಇವ್ರೇ ಅಕ್ಕ, ಅವ್ರು.”

“ಯಾರು?”

“ಅದೇ, ಫೋನ್ ಕಳ್ಸಿದವ್ರು.”

ನನ್ನ ಮುಖ ನೋಡಿ ಅವಳಿಗೆ ನಗು ಬಂತು. “ಇವ್ರು ಬೇಡ ಅಂತ ನಾನು ಯಾವತ್ತು ಹೇಳಿದ್ದೆ? ಪರೀಕ್ಷೆ ಇದೆ ಅಂದೆ. ಆಮೇಲೆ ನರ್ಸಿಂಗ್ ಇದೆ ಅಂದೆ.”

ನಿಜ. ಅವಳು ಹೇಳಿರಲಿಲ್ಲ. ಬೇಡದ ಮದುವೆ ಎಂಬ ವಾದವನ್ನು ಕಟ್ಟಿದವಳು ನಾನು. ಹಾಗಾದರೆ ನಾನು ಯಾರನ್ನು ಯಾರಿಂದ ಪಾರು ಮಾಡಿದೆ?

ಗಿರಿಜ ಅರ್ಜಿಗೆ ಸಹಿ ಮಾಡಿ ಹಿಂದೆ ಸರಿದ ಮೇಲೆ ಆತ ಮೇಜಿನ ಮೇಲೆ ಬಾಗಿ ತಗ್ಗಿದ ದನಿಯಲ್ಲಿ ಕೇಳಿದ: “ಮೇಡಂ, ನಿಮ್ಮ ಒಂದು ಸೀಲಿನಿಂದ ಶುರುವಾಗಿ ನಾನು ಮೂರು ವರ್ಷ ಕಾದೆ. ಅದಕ್ಕೇನಿಲ್ಲ. ಆದ್ರೆ ಒಂದು ಹೇಳಿ. ಇವಳ ನಿಜವಾದ ವಯಸ್ಸು ಎಷ್ಟು? ಇವಳನ್ನ ಕೇಳಿದ್ರೆ ಒಂದು ಹೇಳ್ತಾಳೆ, ಅತ್ತೆ ಒಂದು ಹೇಳ್ತಾರೆ. ಪರಿಶೀಲಿಸಿದವ್ರು ನೀವು.”

ಅವನ ಬೆನ್ನ ಹಿಂದೆ ಗಿರಿಜ ಬಲಗೈಯನ್ನು ಮೇಲೆತ್ತಿದಳು. ಅದು ತಲೆಯ ಮೇಲಿಂದ ಬಂದು, ಎಡಗಿವಿಯನ್ನು ದಾಟಿ, ಕೆನ್ನೆಯ ತನಕ ಇಳಿಯಿತು. ನನ್ನನ್ನೇ ನೋಡುತ್ತ, ಅವಳು ಬೆರಳುಗಳನ್ನು ಮೆಲ್ಲಗೆ ಮುದುರಿಕೊಂಡು ಹಿಂದಕ್ಕೆ ಎಳೆದುಕೊಂಡಳು; ಕಿವಿಯ ತುದಿ ಮಾತ್ರ ಮುಟ್ಟುವ ಹಾಗೆ.